ಸಂಜೆಯ ವಿಭೂತಿ

ಅಕ್ಕ,

ನೀನು ಹೊಳೆಯಿಂದ ಬರುವುದರೊಳಗೆ ಅರಕಲಗೂಡಿಗೆ ಹೊರಡುತ್ತಿದ್ದೇನೆ, ಗೆಳೆಯ ಷಡಕ್ಷರಿಯ ಮದುವೆಗೆ. ಅಕ್ಕಿ ವಾಡೆಯ ಹಿಂದೆ ನೀನು ಬಚ್ಚಿಟ್ಟಿದ್ದ ನನ್ನ ಕೋಟು ಸಿಕ್ಕಿತು. ಹಾಲು ಕಾಯಿಸಿ ಮುಚ್ಚಿದ್ದೇನೆ, ಬೆಕ್ಕಿನ ಮೇಲೆ ಕಣ್ಣಿರಲಿ.

“ಓಗ್‌ಬ್ಯಾಡ ಕಣಪ್ಪ, ಆ ಹಳೇ ಗುಂಪು ಮತ್ತೆ ಕುಡಿಸ್‌ಬುಡ್ತದೆ” ಎಂದು ನಿನ್ನೆ ನೀನು ಅಂದಾಗ ನಾನು ಮಾತಾಡಲಿಲ್ಲ. ಅದನ್ನು ನೀನು ಒಪ್ಪಿಗೆ ಎಂದುಕೊಂಡೆ. ಒಪ್ಪಿಗೆಯಲ್ಲ. ಅವರು ಕುಡಿಯುತ್ತಾರೆ, ನನ್ನ ಮುಂದೆಯೂ ಲೋಟ ಹಿಡಿಯುತ್ತಾರೆ. “ಬಿ.ಎ. ಸ್ವಾಮಿಗಳು ಬಂದ್ರು ಕಣ್ಲಾ” ಎಂದು ನನ್ನ ಓದನ್ನೂ ಕುಡಿತ ಬಿಟ್ಟದ್ದನ್ನೂ ಆಡಿಕೊಂಡು ನಗುತ್ತಾರೆ. ನಗಲಿ. ನಾನು ಲೋಟ ಸರಿಸಿ ಊಟಕ್ಕೆ ಕೂರುತ್ತೇನೆ. ಯುಗಾದಿಯಿಂದ ಮುಟ್ಟಿಲ್ಲ ನಿಜ, ಆದರೆ ಮನೆಯೊಳಗೆ ಬಾಗಿಲು ಹಾಕಿಕೊಂಡು ಬಿಟ್ಟದ್ದು ಬಿಟ್ಟಂತಲ್ಲ.

ಭಾವನನ್ನು ನನ್ನ ಹಿಂದೆ ಅಟ್ಟಬೇಡ.

ಇನ್ನೊಂದು ಮಾತು. ದಿನಾ ಸಂಜೆ ವಿಭೂತಿ ಹಚ್ಚುವ ನೆಪದಲ್ಲಿ ಹತ್ತಿರ ಬಂದು ನನ್ನ ಬಾಯಿ ಮೂಸುತ್ತೀಯಲ್ಲ, ಮೊದಲ ದಿನವೇ ಗೊತ್ತಾಗಿತ್ತು. ಪಾಪ ಎಂದು ಸುಮ್ಮನೆ ಹಣೆ ಒಡ್ಡುತ್ತಿದ್ದೆ. ನಾಳೆ ಸಂಜೆ ಬರುತ್ತೇನೆ. ಹೊಸಿಲಲ್ಲೇ ನಿಲ್ಲಿಸಿ, ಭಾವನ ಎದುರಿಗೇ ಮೂಸಿ ನೋಡು.

ವಿಭೂತಿ ಆಮೇಲೆ ಹಚ್ಚುವೆಯಂತೆ.

ಪಾಲಾಕ್ಷ