ಹೋಗಿ ಬರ್ತೀನಿ ಅನ್ನಬಾರದ ಮನೆ

ಗೊರೇಬಾಳ
೮ ಡಿಸೆಂಬರ್ ೨೦೨೪

ಪ್ರೀತಿಯ ಶೇಖರಮ್ಮಕ್ಕನಿಗೆ ತಂಗಿ ಭಾಗ್ಯಶ್ರೀಯ ಶರಣು.

ನೀನು ಬಂದು ಹೋಗಿ ಹದಿನೈದು ದಿನವಾಯಿತು. ಕಾಗದ ತಡವಾಯಿತು, ಬೈಯಬೇಡ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ನಡುವೆ ಬಾಯಿ ಹಾಕಿ ಸಮಾಧಾನ ಹೇಳಿಬಿಡುತ್ತೀ. ಸಮಾಧಾನ ಈ ಮನೆಯಲ್ಲಿ ಈಗ ಕೊಳೆಯುವಷ್ಟು ಬಿದ್ದಿದೆ.

ಅತ್ತೆ ಹೋದರೆಂದು ಮಾತಾಡಿಸಲು ಮಂದಿ ಇನ್ನೂ ಬರುತ್ತಲೇ ಇದ್ದಾರೆ. ನಿನ್ನೆ ಮಸ್ಕಿಯಿಂದ ಒಂದು ಟಂಟಂ ಗಾಡಿ ತುಂಬ ಬಂದರು. ಎಂಬತ್ತಾರು ವರ್ಷ ಉಂಡುಟ್ಟು, ನಿದ್ದೆಯಲ್ಲೇ ಕಣ್ಣು ಮುಚ್ಚಿದ ಜೀವಕ್ಕೆ ಇಷ್ಟು ಎದೆ ಬಡಿದುಕೊಳ್ಳುವುದೇ? ನಾನೂ ಕಣ್ಣೀರು ಹಾಕಿದೆ ಬಿಡು, ಧಾರಾಳವಾಗಿ ಹಾಕಿದೆ. "ಇಂಥಾ ಸೊಸಿ ಸಿಗಾಕ ಪುಣ್ಯಾ ಮಾಡಿರಬೇಕು" ಅಂದರು ಸಿಂಧನೂರಿನ ಬೀಗರು. ನಾನು ಯಾರಿಗಾಗಿ ಅಳುತ್ತಿದ್ದೆನೆಂದು ಅವರಿಗೇನು ಗೊತ್ತು?

ಶ್ರಾವಣದಲ್ಲಿ ಎಂಟು ದಿನದ ನನ್ನ ಕೂಸು ಹೋದಾಗ ಇದೇ ಅತ್ತೆ ಹೇಳಿದ್ದು ನೆನಪಿದೆಯಾ? "ತೊಟ್ಟಿಲಿಗೆ ಹಾಕಿಲ್ಲ, ಹೆಸರು ಇಟ್ಟಿಲ್ಲ, ಎಂಥಾ ದುಃಖ ಬೇ? ವರ್ಷದಾಗ ಇನ್ನೊಂದು ಆಕ್ಕೈತಿ. ಎದ್ದು ರೊಟ್ಟಿ ಬಡಿ." ಎದೆಹಾಲು ಸೋರಿ ಕುಪ್ಪಸ ಒದ್ದೆಯಾಗುತ್ತಿತ್ತು, ನಾನು ರೊಟ್ಟಿ ಬಡಿದೆ. ಊರವರು ಯಾರೂ ಬರಲಿಲ್ಲ. ಹಿಂದಿನ ಮನೆಯ ಹುಸೇನಮ್ಮ ಒಬ್ಬಳೇ ಬಂದು, ನನ್ನ ಮಗ್ಗುಲಲ್ಲಿ ಕೂತು, ಒಂದು ಮಾತೂ ಆಡದೆ ಎದ್ದು ಹೋದಳು. ಸತ್ತವರನ್ನು ಆಡಿಕೊಳ್ಳಬಾರದು ಅನ್ನುತ್ತಾರೆ. ಬದುಕಿದ್ದಾಗ ಆಡಲು ಯಾರು ಬಿಟ್ಟರು?

ಅತ್ತೆಯ ವಿಷಯದಲ್ಲಿ ನೀನು ಮಾತ್ರ ರೀತಿ ಬಿಡಲಿಲ್ಲ. ಗುರುಗುಂಟಾದಿಂದ ಎರಡು ಬಸ್ಸು ಬದಲಿಸಿ ಬಂದೆ. ಚಹಾ ಮುಟ್ಟಲಿಲ್ಲ, ಕುಂಕುಮ ಹಚ್ಚಿಸಿಕೊಳ್ಳಲಿಲ್ಲ. ಸಾವಿನ ಮನೆಯಲ್ಲಿ 'ಹೋಗಿ ಬರ್ತೀನಿ' ಅನ್ನಬಾರದೆಂದು ಹೇಳದೆ ಎದ್ದು ಹೋದೆ. ನಮ್ಮ ಮನೆಯವರು ಅದನ್ನೇ ಹೊಗಳಿದರು: "ನಿಮ್ಮಕ್ಕಗ ತಿಳಿತೈತಿ ನೋಡು."

ಭತ್ತದ ಕೊಯ್ಲು ಮುಗಿಯಿತು. ಹೊಸ ಅಕ್ಕಿ ಕಳಿಸುತ್ತೇನೆ. ನಿನ್ನ ಮಗಳು ಅಶ್ವಿನಿ ಚೆನ್ನಾಗಿ ಓದಲಿ, ನೂರು ವರ್ಷ ಬಾಳಲಿ.

ನಿನ್ನ ತಂಗಿ,
ಭಾಗ್ಯಶ್ರೀ

ತಾ.ಕ.: ಅಕ್ಕಾ, ಕೂಸು ಹೋದ ನಾಲ್ಕನೇ ದಿನ ನೀನೂ ಬಂದಿದ್ದೆ. ಚಹಾ ಕುಡಿದೆ. ಅತ್ತೆಯ ಕೈಯಿಂದ ಕುಂಕುಮ ಹಚ್ಚಿಸಿಕೊಂಡೆ. ಹೊಸ್ತಿಲಲ್ಲಿ ನಿಂತು, "ಹೋಗಿ ಬರ್ತೀನಿ ಭಾಗ್ಯಾ" ಅಂದೆ. ಈ ಮನೆಯಲ್ಲಿ ಯಾರೂ ಸತ್ತೇ ಇಲ್ಲ ಎಂಬ ಹಾಗೆ. ಅತ್ತೆಯನ್ನು ಕ್ಷಮಿಸಿದರೂ ಕ್ಷಮಿಸಿಯೇನು, ನಿನ್ನನ್ನು ಕ್ಷಮಿಸಲು ಆಗುತ್ತಿಲ್ಲ. ಇನ್ನೊಮ್ಮೆ ಬಾ. ನನ್ನ ಆ ಎಂಟು ದಿನದ ಮಗಳಿಗೆಂದು ಬಾ. ಒಂದು ಗಳಿಗೆ ಕೂತು, ಹೇಳದೆ ಎದ್ದು ಹೋಗು.