ಎದ್ದು ಬಂದ ಕೊಳ

ಮಂಗಳವಾರ, ಸಂಜೆ ಐದೂ ಮುಕ್ಕಾಲು

ಕಂಟ್ರಾಕ್ಟರ್ ಅವರಿಗೆ,

ನಮಸ್ಕಾರ ಎಂದು ಬರೆಯಲು ಕೈ ಬರಲಿಲ್ಲ, ಬಿಟ್ಟಿದ್ದೇನೆ. ನಿಮ್ಮ ಮೇಲಿನ ದೂರಿನ ವಿಚಾರಣೆ ಮುಗಿಸಿ ಮನೆಗೆ ಬಂದು ಒಂದು ಗಂಟೆಯಾಯಿತು. ಬೆಳಿಗ್ಗೆ ಹನ್ನೊಂದರಿಂದ ಮೂರರವರೆಗೆ ಆ ಕಚೇರಿಯ ಬೆಂಚಿನ ಮೇಲೆ ಕೂತು ಸೊಂಟ ಹಿಡಿದುಕೊಂಡಿದೆ. ಬಂದವಳು ಕಾಲು ತೊಳೆದು, ಒಣಗಿದ ಬಟ್ಟೆ ತೆಗೆದು ಮಡಿಸಿಟ್ಟು, ಇದನ್ನು ಬರೆಯಲು ಕೂತೆ. ಹಜಾರದಲ್ಲಿ ಮಗಳು ತನ್ನ ಗೆಳತಿಗೆ ಫೋನಿನಲ್ಲಿ ಹೇಳುತ್ತಿದ್ದಾಳೆ: "ಗೆದ್ದ ಹಾಗೇ ಕಣೆ. ಆ ಮನುಷ್ಯ ಬಾಯೇ ಬಿಡ್ಲಿಲ್ಲ."

ಈ ಕಾಗದ ಅದಕ್ಕೇ. ನೀವು ಯಾಕೆ ಬಾಯಿ ಬಿಡಲಿಲ್ಲ?

ಮೊದಲು ನಿಮ್ಮ ತಪ್ಪುಗಳನ್ನು ಬರೆದು ಮುಗಿಸುತ್ತೇನೆ. ಆಮೇಲೆ ನನ್ನದು. ಹಾಗೆ ಮಾಡಿದರೆ ಮಾತ್ರ ನನ್ನಿಂದ ಬರೆಯುವುದಕ್ಕಾಗುತ್ತದೆ.

ಈಜುಕೊಳ ಕಟ್ಟಿಸುತ್ತೇವೆ ಎಂದಾಗ ಬೀದಿಯವರೆಲ್ಲ ನಕ್ಕರು. ನಕ್ಕರೆ ತಪ್ಪಿಲ್ಲ, ನಮ್ಮ ಮನೆಯಲ್ಲಿ ಯಾರಿಗೂ ಈಜು ಬರುವುದಿಲ್ಲ. ಇವರಿಗೆ ಎಡಗೈ ಎಡಗಾಲು ಸ್ವಾಧೀನ ತಪ್ಪಿದ ಮೇಲೆ ಡಾಕ್ಟರು, "ಎದೆಮಟ್ಟ ನೀರಲ್ಲಿ ದಿನಾ ನಡೀಲಿ, ಕಾಲು ಮಾತು ಕೇಳುತ್ತೆ" ಎಂದಿದ್ದರು. ಊರಿನ ಈಜುಕೊಳಕ್ಕೆ ಕಬ್ಬಿಣದ ಏಣಿ. ಏಣಿ ಇಳಿಯುವ ಕಾಲಿದ್ದರೆ ನಮಗೆ ನೀರು ಯಾಕೆ ಬೇಕಿತ್ತು? ಮೂವತ್ತೊಂದು ವರ್ಷ ಲೇತ್ ಮೆಷಿನ್ ಮುಂದೆ ನಿಂತು ದುಡಿದ ಮನುಷ್ಯ, ಬಲಗೈಯಲ್ಲೇ ಗೆರೆ ಎಳೆದು ನಕ್ಷೆ ಮಾಡಿದರು. ಉದ್ದ ಹನ್ನೆರಡು ಹೆಜ್ಜೆ. ಏಣಿಯ ಬದಲು ಇಳಿಜಾರು. ಎರಡೂ ಪಕ್ಕ ಹಿಡಿದುಕೊಳ್ಳಲು ಕಂಬಿ.

ನೀವು ಆ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, "ಸಾರ್, ನಾನು ಕಟ್ಟಿರೋ ಕೊಳಗಳಿಗೆಲ್ಲ ಜನ ಧುಮುಕ್ತಾರೆ. ಇದಕ್ಕೆ ಮಾತ್ರ ವಾಕಿಂಗ್ ಹೋಗ್ತೀರಿ" ಎಂದಿರಿ. ಇವರು ಬಾಯಿಯ ಒಂದೇ ಬದಿಯಿಂದ ನಕ್ಕರು. ಕಾಯಿಲೆ ಬಿದ್ದ ಮೇಲೆ ನಕ್ಕದ್ದು ಅದೇ ಮೊದಲು. ಆ ನಗುವಿಗೇ ನಾನು ಮೋಸ ಹೋದೆ. ಬೇರೆ ಇಬ್ಬರು ಕಂಟ್ರಾಕ್ಟರುಗಳನ್ನು ಬರಬೇಡಿ ಎಂದು ಹೇಳಿ ಕಳಿಸಿದೆ.

ಗುಂಡಿ ತೋಡಿದಿರಿ, ಕಬ್ಬಿಣ ಕಟ್ಟಿದಿರಿ, ಕಾಂಕ್ರೀಟ್ ಹಾಕಿದಿರಿ, ಕಂಬಿ ನಿಲ್ಲಿಸಿದಿರಿ. ಅಷ್ಟರವರೆಗೆ ನಿಮ್ಮ ಕೆಲಸದಲ್ಲಿ ಹುಳುಕಿರಲಿಲ್ಲ. ಇವರು ಕುರ್ಚಿಯಲ್ಲಿ ಕೂತು ಎಲ್ಲ ನೋಡುತ್ತಿದ್ದರು. ಅವರ ಕಣ್ಣಿಗೆ ಕೂದಲೆಳೆಯಷ್ಟು ಓರೆಯೂ ಕಾಣಿಸುತ್ತಿತ್ತು, ಆದರೂ ಏನೂ ಅನ್ನಲಿಲ್ಲ. ಆಮೇಲೆ ಕೊಳದ ಪಕ್ಕದ ಗುಂಡಿಗೆ ನೀರೆತ್ತುವ ಮೋಟಾರ್ ಇಟ್ಟು ನನ್ನನ್ನು ಕರೆದಿರಿ. "ಅಕ್ಕಾ, ಇಲ್ಲಿ ನೆಲದಡಿ ನೀರು ಬಹಳ ಮೇಲಿದೆ. ಖಾಲಿ ಕೊಳ ಅಂದ್ರೆ ದೋಣಿ ಇದ್ದ ಹಾಗೆ, ಅಡಿಗೆ ನೀರು ತುಂಬಿದ್ರೆ ಎದ್ದುಬಿಡುತ್ತೆ. ಟೈಲ್ಸ್ ಹಾಕಿ ನೀರು ತುಂಬಿಸೋವರೆಗೂ ಈ ಸ್ವಿಚ್ ಯಾರೂ ಮುಟ್ಟಬಾರದು." ಒಂಬತ್ತು ದಿನದ ಕೆಲಸ ಉಳಿದಿದೆ ಎಂದೂ ಹೇಳಿದಿರಿ. ಅವತ್ತಿನ ನನ್ನ ದಿನಚರಿಯಲ್ಲಿ ಹಾಗೇ ಇದೆ.

ಒಂಬತ್ತು ದಿನ ನಲವತ್ತಾಯಿತು. ನೀವು ಯಾವುದೋ ಹೋಟೆಲಿನ ದೊಡ್ಡ ಕೊಳದ ಕೆಲಸಕ್ಕೆ ಜನರನ್ನೆಲ್ಲ ಕರೆದುಕೊಂಡು ಹೋದಿರಿ. ಫೋನ್ ಮಾಡಿದರೆ "ದಾರೀಲಿದೀನಿ ಅಕ್ಕಾ" ಎನ್ನುತ್ತಿದ್ದಿರಿ. ನಿಮ್ಮ ಮಾತಿನ ಹಿಂದೆ ಕಾಂಕ್ರೀಟ್ ಮಿಕ್ಸರ್ ತಿರುಗುವ ಸದ್ದು ಕೇಳುತ್ತಿತ್ತು. ದಾರಿಯಲ್ಲಿ ಯಾರು ಮಿಕ್ಸರ್ ತಿರುಗಿಸುತ್ತಾರೆ? ಇವರು ನಿಮಗೆ ನಾಳೆಯಪ್ಪ ಎಂದು ಹೆಸರಿಟ್ಟರು. ನಾನು ಫೋನ್ ಇಡುವುದೇ ತಡ, "ಏನಂತೆ ನಿನ್ನ ತಮ್ಮ ನಾಳೆಯಪ್ಪ?" ಎಂದು ತೊದಲುತ್ತಲೇ ಕೇಳುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ಆ ಮೋಟಾರನ್ನು ನೀವು ಇಟ್ಟದ್ದು ಇವರು ಮಲಗುವ ಕೋಣೆಯ ಕಿಟಕಿಯ ಕೆಳಗೆ. ಪ್ಲಗ್ ಹತ್ತಿರವಿತ್ತು, ನಿಮಗೆ ವೈರು ಉಳಿಯಿತು. ಹಗಲೂ ರಾತ್ರಿ ಏಳು ನಿಮಿಷಕ್ಕೊಮ್ಮೆ ಗುಂಡಿಯಲ್ಲಿ ನೀರೇರಿದಾಗ ತಾನಾಗಿ ಗರ್ರೆಂದು ಶುರುವಾಗಿ ಗೋಡೆಯನ್ನೇ ನಡುಗಿಸುತ್ತಿತ್ತು. ಬೇರೆಯವರಾದರೆ ಅಭ್ಯಾಸವಾಗುತ್ತಿತ್ತೇನೋ. ಇವರದು ಮೆಷಿನ್ ಸದ್ದು ಕೇಳಿಯೇ ಹಣ್ಣಾದ ಕಿವಿ. ಮಲಗಿದಲ್ಲೇ "ಬೇರಿಂಗ್ ಹೋಗಿದೆ ಕಣೆ, ಕೇಳು" ಎನ್ನುತ್ತಿದ್ದರು. ಒಂದು ಸಲ ನಿಂತರೆ ಮುಂದಿನ ಸಲಕ್ಕೆ ಕಾಯುತ್ತಿದ್ದರು. ಕಾಯುವವನಿಗೆ ನಿದ್ದೆ ಎಲ್ಲಿಂದ ಬರಬೇಕು? ಮೋಟಾರನ್ನು ಆಚೆ ಬದಿಗೆ ಇಡಿಸಿ ಎಂದು ನಿಮ್ಮನ್ನು ಆರು ಸಲ ಕೇಳಿದೆ. "ನಾಳೆ ಮಾಡಿಸ್ತೀನಿ ಅಕ್ಕಾ." ಆರು ಸಲವೂ ಅದೇ ಉತ್ತರ.

ನಿಮ್ಮ ತಪ್ಪು ಇಲ್ಲಿಗೆ ಮುಗಿಯಿತು. ಇವುಗಳಲ್ಲಿ ಒಂದನ್ನೂ ನಾನು ಕ್ಷಮಿಸಿಲ್ಲ.

ಮೂವತ್ತಾರನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ನಾನು ಸ್ವಿಚ್ ಆರಿಸಿದೆ. ಒಂದು ಗಂಟೆಗೆ ಏನೂ ಆಗುವುದಿಲ್ಲ ಎಂದುಕೊಂಡೆ. ಇವರು ಎರಡು ಗಂಟೆ ಮಗುವಿನ ಹಾಗೆ ಮಲಗಿದರು. ಎದ್ದಾಗ ಮುಖವೇ ಬೇರೆಯಾಗಿತ್ತು. ಮಾತೂ ತಿಳಿಯಾಗಿತ್ತು, ನಾನು ಎರಡನೆಯ ಸಲ ಕೇಳಬೇಕಾಗಲಿಲ್ಲ. ಮಗಳು ಹುಟ್ಟಿದ ದಿನ ಕಾರ್ಖಾನೆಯಲ್ಲಿ ಕಿವಿಯೆಲ್ಲ ಫೋನಿನ ಕಡೆ ಇಟ್ಟು ಕಡೆಯುತ್ತಿದ್ದ ಒಂದು ಉಕ್ಕಿನ ಶಾಫ್ಟನ್ನು ಪೂರ್ತಿ ಕೆಡಿಸಿದ್ದರಂತೆ. ಅದನ್ನು ಊಟದ ಚೀಲದಲ್ಲಿ ಬಚ್ಚಿಟ್ಟು ತಂದು ಚರಂಡಿಗೆ ಎಸೆದರಂತೆ. ಇಷ್ಟು ವರ್ಷ ನನಗೂ ಹೇಳಿರಲಿಲ್ಲ. ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಆಮೇಲೆ ಆ ಸ್ವಿಚ್ ಹಾಕಲು ನನಗೆ ಕೈ ಬರಲಿಲ್ಲ. ಎರಡನೆಯ ದಿನವೂ ಹಾಕಲಿಲ್ಲ. ನನ್ನ ಕೂದಲು ಯಾವಾಗ ಇಷ್ಟು ಬೆಳ್ಳಗಾಯಿತು ಎಂದು ಅವತ್ತು ತಾನೇ ನನ್ನನ್ನು ಕಂಡವರಂತೆ ಕೇಳಿದರು. ಮೂರನೆಯ ದಿನ ಜೋರು ಮಳೆ ಬಂತು. ನಿಮ್ಮ ಮಾತು ನೆನಪಿತ್ತು, ಮರೆತೆ ಎಂದು ಸುಳ್ಳು ಹೇಳುವುದಿಲ್ಲ. ಕೊಡೆ ಹಿಡಿದು ಹೋಗಿ ಸ್ವಿಚ್ಚಿನ ಮೇಲೆ ಕೈಯನ್ನೂ ಇಟ್ಟೆ. ಒಳಗಿನಿಂದ ಇವರು ಕರೆದರು. ಹಾಗೇ ವಾಪಸು ಬಂದುಬಿಟ್ಟೆ. ನಾಲ್ಕನೆಯ ದಿನವೂ ಮಳೆ.

ಐದನೆಯ ದಿನ ಬೆಳಿಗ್ಗೆ ಬಾಗಿಲು ತೆಗೆದು ನೋಡಿದರೆ ಕಂಬಿ ಓರೆಯಾಗಿತ್ತು. ಹತ್ತಿರ ಹೋದೆ. ಕೊಳದ ಆಚೆ ಮೂಲೆ ನೆಲ ಬಿಟ್ಟು ಒಂದು ಗೇಣು ಮೇಲೆ ಬಂದಿತ್ತು. ಇಳಿಜಾರಿನ ಬುಡದಿಂದ ಅಂಚಿನವರೆಗೆ, ಒಂದು ಬೆರಳು ತೂರುವಷ್ಟು ಸೀಳು. ನಾನು ಮೊದಲು ಮಾಡಿದ ಕೆಲಸ ಸ್ವಿಚ್ ಹಾಕಿದ್ದು. ನಿಮಗೆ ಫೋನ್ ಮಾಡಿದ್ದು ಅದಾದ ಮೇಲೆ.

ಅವತ್ತು ಮಾತ್ರ ನೀವು ಅರ್ಧ ಗಂಟೆಯಲ್ಲಿ ಬಂದಿರಿ! ಮೋಟಾರ್ ಓಡುತ್ತಿತ್ತು. ಬಗ್ಗಿ ಅದರ ಮೈ ಮುಟ್ಟಿ ನೋಡಿ, "ಇದು ಓಡ್ತಾನೇ ಇತ್ತಾ ಅಕ್ಕಾ?" ಎಂದು ಕೇಳಿದಿರಿ. ಬೇರೆ ಊರಲ್ಲಿ ಕೆಲಸದಲ್ಲಿರುವ ಮಗಳು ಅವತ್ತು ಬೆಳಗಿನ ಬಸ್ಸಿಗೆ ಬಂದಿದ್ದಳು, ನನ್ನ ಪಕ್ಕದಲ್ಲೇ ನಿಂತಿದ್ದಳು. "ಓಡ್ತಾನೇ ಇತ್ತು" ಎಂದೆ. "ಹಾಗಿದ್ರೆ ಏಳೋದಿಲ್ವಲ್ಲಾ" ಎಂದಿರಿ. "ಕಳಪೆ ಕೆಲಸ ಮಾಡಿ ನಮ್ಮಮ್ಮನ್ನೇ ಸುಳ್ಳಿ ಅಂತೀರಾ?" ಎಂದು ಮಗಳು ನಿಮ್ಮ ಮೇಲೆ ಹರಿಹಾಯ್ದಳು. ನಾನು ಬೆನ್ನು ತಿರುಗಿಸಿ ಒಳಗೆ ನಡೆದೆ. ಹನ್ನೊಂದು ದಿನ ಕಳೆದು ಇವರು ಹೋದರು. ಒಂದು ದಿನವೂ ನೀರಿಗೆ ಇಳಿಯಲಿಲ್ಲ. ಆಮೇಲೆ ಮಗಳು ದೂರು ಬರೆದಳು. ನಾನು ಓದಿ ಸಹಿ ಹಾಕಿದೆ.

ಎಂಟು ತಿಂಗಳಿಂದ ನಿಮ್ಮನ್ನು ದ್ವೇಷಿಸುವುದೇ ನನ್ನ ಕೆಲಸವಾಗಿತ್ತು. ಅದೂ ಇಲ್ಲದಿದ್ದರೆ ದಿನ ಹೋಗುತ್ತಿರಲಿಲ್ಲ. ಕೊಳ ನನ್ನಿಂದ ಒಡೆಯಿತು ಎಂದು ಒಪ್ಪಿದರೆ ಆ ನಾಲ್ಕು ದಿನಗಳು ನನ್ನ ತಪ್ಪುಗಳ ಪಟ್ಟಿಗೆ ಸೇರುತ್ತವೆ. ಅವು ತಪ್ಪಲ್ಲ. ಇನ್ನೊಮ್ಮೆ ಆ ದಿನಗಳು ಬಂದರೆ ಇನ್ನೊಮ್ಮೆ ಸ್ವಿಚ್ ಆರಿಸುತ್ತೇನೆ.

ಇವತ್ತು ಏನಾಯಿತು ಎಂದು ನಿಮಗೇ ಗೊತ್ತು. ನೀವು ಎಷ್ಟು ದಿನ ಬರಲಿಲ್ಲ ಎಂದು ತೋರಿಸಲು ಮಗಳು ನನ್ನ ದಿನಚರಿಯ ಹಾಳೆಗಳ ಪ್ರತಿ ಮಾಡಿಸಿದ್ದಳು. ಅವಳು "ಕಂಟ್ರಾಕ್ಟರ್ ಬರಲಿಲ್ಲ" ಎಂಬ ಸಾಲುಗಳಿಗಷ್ಟೇ ಕೆಂಪು ಗೆರೆ ಹಾಕಿದ್ದಳು, ಉಳಿದದ್ದನ್ನು ಓದಿರಲಿಲ್ಲ. ಅಧಿಕಾರಿ ಆ ಕಂತೆಯನ್ನು ನಿಮ್ಮ ಕೈಗೆ ಕೊಟ್ಟರು. ನೀವು ನಿಧಾನವಾಗಿ ಬೆರಳಿಟ್ಟು ಓದಿದಿರಿ. ಮೂವತ್ತಾರನೆಯ ದಿನದ ಹಾಳೆಯಲ್ಲಿ ಬೆರಳು ನಿಂತಿತು. ಅಲ್ಲಿ ಏನಿದೆ ಎಂದು ನನಗೆ ಬಾಯಿಪಾಠ: "ಕಂಟ್ರಾಕ್ಟರ್ ಬರಲಿಲ್ಲ. ಇವರು ಎರಡು ಗಂಟೆ ಮಲಗಿದರು. ಕಿಟಕಿಯಾಚೆ ಪೂರಾ ನಿಶ್ಶಬ್ದ."

ನೀವು ತಲೆಯೆತ್ತಿ ನನ್ನನ್ನು ನೋಡಿದಿರಿ. ಮುಂದಿನ ಮೂರು ಹಾಳೆ ತಿರುವಿದಿರಿ. ಅಧಿಕಾರಿ, "ಕೇಳೋದೇನಾದ್ರೂ ಇದೆಯೇನ್ರೀ? ಕಳಪೆ ಕೆಲಸ ಅಂತಾದ್ರೆ ನಿಮ್ಮ ನೋಂದಣಿ ರದ್ದಾಗುತ್ತೆ, ಆಮೇಲೆ ಒಂದು ನೀರಿನ ತೊಟ್ಟಿ ಕಟ್ಟೋಕೂ ಆಗಲ್ಲ" ಎಂದರು. ನೀವು ಕಂತೆಯನ್ನು ಅಂಚು ಸರಿಮಾಡಿ ಮೇಜಿನ ಮೇಲಿಟ್ಟು, "ಏನೂ ಇಲ್ಲ ಸಾರ್" ಎಂದಿರಿ.

ಯಾರು ಕೇಳಿದ್ದರು ನಿಮ್ಮ ಕರುಣೆಯನ್ನು? ಬರಬೇಕಾದ ಮೂವತ್ತೊಂಬತ್ತು ದಿನ ಬಾರದವರು ಇವತ್ತು ದೊಡ್ಡ ಮನುಷ್ಯರಾಗಲು ಬಂದಿರಾ? ಇಪ್ಪತ್ತು ವರ್ಷದ ಕಸುಬನ್ನು ನನ್ನ ಸೆರಗಿಗೆ ಕಟ್ಟಿ ಹೋಗುವುದೆಂದರೆ ಏನರ್ಥ? ನಾನು ಅದನ್ನು ಎಲ್ಲಿಡಲಿ? ನಿಮ್ಮನ್ನು ದ್ವೇಷಿಸಲು ನನ್ನ ಬಳಿ ಸಾಕಷ್ಟು ಕಾರಣಗಳಿವೆ. ಅವು ನನಗೆ ಬೇಕು. ಅವುಗಳ ಮೇಲೆ ನಿಮ್ಮ ಉಪಕಾರದ ಮಣ್ಣು ಸುರಿಯಬೇಡಿ.

ತೀರ್ಪು ಬರೆಯುವ ಮೊದಲು ಅಧಿಕಾರಿ ಕೊಳ ನೋಡಲು ಬಂದಾಗ ಮೋಟಾರ್ ಆರಿಸಿದ್ದು ನಾನು ಎಂದು ಹೇಳುತ್ತೇನೆ. ಕಾಂಕ್ರೀಟ್ ಕೆಲಸ ಚೆನ್ನಾಗಿತ್ತು ಎಂದೂ ಹೇಳುತ್ತೇನೆ, ಇವರೇ ಒಪ್ಪಿದ ಕೆಲಸ ಅದು. ನೀವು ಬಾರದ ದಿನಗಳನ್ನೂ ಒಂದೊಂದಾಗಿ ಓದಿ ಹೇಳುತ್ತೇನೆ, ಮೋಟಾರ್ ಎಲ್ಲಿಟ್ಟಿರಿ ಎಂದೂ ತೋರಿಸುತ್ತೇನೆ. ಅದಕ್ಕೆ ಏನು ಉತ್ತರ ಕೊಡುತ್ತೀರೋ ಯೋಚಿಸಿಕೊಂಡು ಬನ್ನಿ. ಅಲ್ಲಿ ಮತ್ತೆ "ಏನೂ ಇಲ್ಲ ಸಾರ್" ಎಂದರೆ ನಾನು ಸುಮ್ಮನಿರುವವಳಲ್ಲ.

ಇಂತು,
ನೀವು ಅಕ್ಕ ಎಂದು ಕರೆಯುತ್ತಿದ್ದವಳು

ಮತ್ತೆ: ಲಕೋಟೆ ಅಂಟಿಸಿ ಪಕ್ಕದ ಮನೆ ಹುಡುಗನ ಕೈಲಿ ಇವತ್ತೇ ನಿಮಗೆ ಕಳಿಸುವ ಮೊದಲು ಇದನ್ನು ಮಗಳ ಕೈಗೆ ಕೊಟ್ಟೆ. ನಿಂತೇ ಓದಿದಳು. ಕೂಗಾಡುತ್ತಾಳೆ ಎಂದುಕೊಂಡಿದ್ದೆ, ಕೂಗಾಡಲಿಲ್ಲ. ಕೊಳದ ವಿಷಯ ಎತ್ತಲಿಲ್ಲ, ನಿಮ್ಮ ವಿಷಯವನ್ನೂ ಎತ್ತಲಿಲ್ಲ. "ಅಪ್ಪ ನಾಲ್ಕು ದಿನ ಅಷ್ಟು ಚೆನ್ನಾಗಿ ಮಾತಾಡ್ತಿದ್ರಾ? ನನಗೆ ಒಂದು ಫೋನ್ ಮಾಡ್ಬೇಕು ಅನ್ನಿಸ್ಲಿಲ್ವಾಮ್ಮ?" ಎಂದು ಕೇಳಿದಳು. ಅನ್ನಿಸಿರಲಿಲ್ಲ. ಹಾಗೆಂದು ಅವಳಿಗೂ ಹೇಳಿದೆ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಾಳೆ. ಅಧಿಕಾರಿ ಬರುವುದು ನಾಳೆ ಬೆಳಿಗ್ಗೆ ಹತ್ತು ಗಂಟೆಗೆ.