ಎರಡನೆಯ ಮರಿ

ಹಡರ್ಸ್‌ಫೀಲ್ಡ್
ಸೋಮವಾರ, ೧೭ ನವೆಂಬರ್ ೨೦೨೫

ನನ್ನ ಮುದ್ದು ಮೇಧಾ,

ಹೇಗಿದ್ದೀ? ಮಲೇರಿಯಾದ ಗುಳಿಗೆ ತಪ್ಪದೆ ನುಂಗುತ್ತೀಯೊ, ಇಲ್ಲ ಊರಿಗೆಲ್ಲ ಔಷಧ ಹೇಳಿ ತನ್ನದು ಮರೆಯುವ ನಿಮ್ಮಪ್ಪನ ಹಾಗೆ ನೀನೂ ಮರೆಯುತ್ತೀಯೊ? ನನ್ನ ಮೊಣಕಾಲು ತನ್ನ ಪಾಡಿಗೆ ನೋಯುತ್ತದೆ, ಅದರ ಸುದ್ದಿ ಬಿಡು. ನೀನು ಕನ್ನಡವನ್ನು ಕೂಡಿಸಿ ಕೂಡಿಸಿ ಓದುವವಳೆಂದು ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ಕಾಡಿನಲ್ಲಿ ಫೋನು ಹತ್ತುವುದಿಲ್ಲವೆಂದು ನಿಮ್ಮವ್ವ ಗೊಣಗುತ್ತಾಳೆ; ಹತ್ತಿದಾಗ ಅರ್ಧ ತಾಸು ನಿನ್ನ ತಲೆಗೂದಲ ಮಾತೇ ಆಡುತ್ತಾಳೆ.

ನೀನು ಕಳಿಸಿದ ಚಿತ್ರ ನೋಡಿದೆ. ಜಾಂಬಿಯಾದ ಹುಲ್ಲುಗಾವಲು ನಮ್ಮೂರ ಬಯಲಿನ ಹಾಗೆಯೇ ಇದೆ, ನಡುವೆ ಆನೆ ನಿಂತಿರುವುದಷ್ಟೇ ಹೆಚ್ಚು. ಮಂಗಟ್ಟೆ ಜಾತಿಯ ನಿನ್ನ ಆ ಹಕ್ಕಿ ಹಾರುವುದು ಬಿಟ್ಟು, ಕೇಸು ಸೋತ ವಕೀಲನಂತೆ ಕರಿ ಕೋಟಿನಲ್ಲಿ ನಡೆಯುತ್ತದೆ. ಆನೆಗಳಿರುವ ಆ ಪಾರ್ಕಿನ ಅಂಚಿನಲ್ಲಿ ಪೊಟರೆಯಿದ್ದ ಹಳೆಯ ಮರಗಳನ್ನೆಲ್ಲ ಇದ್ದಿಲಿಗೆ ಕಡಿದರು, ಗೂಡಿಗೆ ಜಾಗವಿಲ್ಲ, ಅದಕ್ಕೇ ಮರದ ಪೆಟ್ಟಿಗೆ ಕಟ್ಟುತ್ತೇವೆ ಎಂದೆ ನೀನು. ಎರಡು ಮೊಟ್ಟೆಯಿಟ್ಟು ಮೊದಲ ಮರಿಯನ್ನಷ್ಟೇ ಸಾಕುತ್ತಾಳಂತೆ ಆ ತಾಯಿ; ಎರಡನೆಯದು ಹಸಿದು ಸಾಯುವ ಮುಂಚೆ ನೀವು ತಂದು ಉಣ್ಣಿಸುತ್ತೀರಂತೆ. ಎಂಥ ಹೆಂಗಸು ಎಂದು ಅವಳನ್ನು ಚೆನ್ನಾಗಿ ಬೈದೆ. ನನಗೆ ಮೂರನೇ ಇಯತ್ತೆಯಲ್ಲಿ ಸಾಲೆ ಬಿಡಿಸಿದ್ದೇ ಜೋಳದ ಹೊಲದಲ್ಲಿ ಹಕ್ಕಿ ಓಡಿಸಲಿಕ್ಕೆ. ಮಂಚಿಕೆಯ ಮೇಲೆ ನಿಂತು, ಕವಣೆ ಬೀಸಿ, ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೆ. ನೀನು ಎರಡು ಡಿಗ್ರಿ ಓದಿ ಅವಕ್ಕೆ ತುತ್ತು ಕೊಡಲು ಹೋದೆ. ನನ್ನಪ್ಪ ಇದ್ದಿದ್ದರೆ, 'ಹುಡುಗಿಗೆ ಯಾರರೆ ಮಾಟ ಮಾಡ್ಯಾರೇನು ನೋಡ್ರಿ' ಅನ್ನುತ್ತಿದ್ದ.

ಈಗ ಮಾತಿಗೆ ಬರುತ್ತೇನೆ. ಇನ್ನೆರಡು ವರ್ಷ ಇರು ಎಂದು ಅಲ್ಲಿಯವರು ಕೇಳಿದ್ದಾರೆ, ತಿಂಗಳ ಕೊನೆಗೆ ನೀನು ಉತ್ತರ ಕೊಡಬೇಕು. ಯಾವಾಗಲೂ ಇಂಗ್ಲಿಷಿನಲ್ಲಿ ಉತ್ತರಿಸುವವಳು ಇದೊಂದನ್ನು ಮಾತ್ರ, 'ಆಯಿ, ನೀ ಇರು ಅಂದ್ರ ಇರ್ತೀನಿ, ಬಾ ಅಂದ್ರ ಬರ್ತೀನಿ' ಎಂದು ನನ್ನ ಕೊರಳಿಗೆ ಕಟ್ಟಿದೆ; ಜಾಣೆ. ನಿಮ್ಮಪ್ಪ ಇಲ್ಲೇ ಹತ್ತಿರ ಮೀಡಿಯಾಸಿಟಿಯಲ್ಲಿ ಕೆಲಸ ನೋಡಿಟ್ಟಿದ್ದಾನೆ, ಟೀವಿಯಲ್ಲಿ ಹಕ್ಕಿ ತೋರಿಸುವುದಂತೆ. 'ಹಕ್ಕಿನೂ ಆತು, ಮನೀನೂ ಆತು' ಎಂದ. ಮುಟ್ಟಲಾಗದ ಹಕ್ಕಿ ಯಾತರ ಹಕ್ಕಿ ಎಂದೆ. ಸಿಟ್ಟಾಗಿ ಎದ್ದು ಹೋದ.

ಆದರೂ ಮೇಧಾ, ಇಲ್ಲಿ ನಾಲ್ಕಕ್ಕೇ ಕತ್ತಲಾಗುತ್ತದೆ. ನಿಮ್ಮಪ್ಪ, ನಿಮ್ಮವ್ವ ಇಬ್ಬರೂ ರೋಟಾ ರೋಟಾ ಎಂದು ಪಾಳಿ ಹಿಡಿದು ಆಸ್ಪತ್ರೆಗೆ ಹೋದರೆ ಮನೆಯಲ್ಲಿ ಮಾತಾಡುವುದು ಬಾಯ್ಲರು ಒಂದೇ. ಟೀವಿಯಲ್ಲಿ ಹವಾಮಾನ ಹೇಳುವ ಹೆಣ್ಣುಮಗಳ ಇಂಗ್ಲಿಷ್ ಮಾತನ್ನು ನೀನು ನನಗೆ ತಿಳಿಸುತ್ತಿದ್ದೆ. ಈಗ ಅವಳ ಕೈ ನೋಡಿಕೊಂಡು ಕೂಡುತ್ತೇನೆ, ಎಲ್ಲಿ ತೋರಿಸಿದರೂ ಮಳೆಯೇ. ಮೊನ್ನೆ ಬಸ್ಸಿನಲ್ಲಿ ಹಿಂದೆ ಯಾರೋ ನಿನ್ನ ಹಾಗೆಯೇ ನಕ್ಕರು. ತಿರುಗಿ ನೋಡಲಿಲ್ಲ, ನೋಡಿದರೆ ಬೇರೆ ಯಾರೋ ಆಗಿಬಿಡುತ್ತಿದ್ದರು. ನನ್ನ ಸ್ಟಾಪು ದಾಟಿದರೂ ಕೇಳುತ್ತ ಕೂತಿದ್ದೆ. ನೀನು ಬರುತ್ತೇನೆಂದರೆ ಬೇಡ ಎನ್ನಲು ನಾನೇನು ಕಲ್ಲೆ?

ಹುಲ್ಲಿನಲ್ಲಿ ಬರಿಗಾಲಲ್ಲಿ ಓಡಾಡಬೇಡ. ಬಸವಣ್ಣ ನಿನ್ನ ಬೆನ್ನಿಗಿರಲಿ, ಗುಡ್ಡದಷ್ಟು ಆಯುಷ್ಯ ಕೊಡಲಿ.

ನಿನ್ನ ಆಯಿ,
ಗಂಗವ್ವ

ತಾ.ಕ.: ನಿಮ್ಮಪ್ಪ ಇಷ್ಟನ್ನೂ ಓದಿ, ಖುಷಿಯಾಗಿ, ಲಕೋಟೆ ತರಲು ಮೇಲೆ ಹೋಗಿದ್ದಾನೆ. ಅಂಟಿಸುವುದು ನಾನೇ. 'ಅವ್ವಾ, ಹಾಸಿಗಿ ಹಿಡದೀನಿ ಅಂತ ಬರಿ, ಓಡಿ ಬರ್ತಾಳ' ಎಂದಿದ್ದ. ನಾನು ಬರೆಯಲಿಲ್ಲ. ಡಾಕ್ಟರಾದವನು ರೋಗ ಬಿಡಿಸಬೇಕು, ಹಚ್ಚಬಾರದು. ಅವನು ಫೋನಿನಲ್ಲಿ ಹಾಗೆಂದರೆ ನಂಬಬೇಡ, ನಾನು ಎರಡು ರೊಟ್ಟಿ ತಿಂದು ಕೂತಿದ್ದೇನೆ. ನೀನು ಅಲ್ಲೇ ಇರು. ನೀನೀಗ ಉಣ್ಣಿಸುತ್ತಿರುವ ಆ ಎರಡನೆಯ ಮರಿಗೆ ನಿನ್ನ ಕೈ ರೂಢಿಯಾಗಿದೆ, ನಡುವೆ ಬಿಟ್ಟರೆ ಯಾರ ಮುಂದೆ ಬಾಯಿ ತೆರೆಯಬೇಕು ಅದು? ಅದಕ್ಕೆ ರೆಕ್ಕೆ ಬಲಿತ ಮೇಲೆ ರಜೆ ಹಾಕಿ ಒಮ್ಮೆ ಬಂದು ಹೋಗು. ಯಾವತ್ತು ಬರುತ್ತೀಯೆಂದು ಮಾತ್ರ ನನಗೆ ಮೊದಲೇ ಹೇಳಬೇಡ. ಹೇಳಿದರೆ ಅವತ್ತಿನಿಂದಲೇ ಬಾಗಿಲಲ್ಲಿ ನಿಂತುಬಿಡುತ್ತೇನೆ, ಇಲ್ಲಿ ಚಳಿ ಬಹಳ.